ಮುಂಗಡ ಕೊಟ್ಟು ನಾಲ್ಕು ತಿಂಗಳಾದರೂ ಮನೆ ನೋಂದಣಿ ಆಗಿಲ್ಲ, ಇದು ಮೋಸವೇ?

ಚಿಕ್ಕಮಗಳೂರಿನಲ್ಲಿ ಮನೆಯ ಮಾತು ಮುಗಿದು ಮುಂಗಡವನ್ನೂ ಕೊಟ್ಟಿದ್ದೀರಿ. ಮಾರುವವರು ನಾಲ್ಕು ತಿಂಗಳಿಂದ ‘ಮುಂದಿನ ವಾರ’ ಎನ್ನುತ್ತಿದ್ದಾರೆ, ಇನ್ನೂ ಕಾಯಬೇಕೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಮನೆ ಕೊಳ್ಳಲು ಆರು ತಿಂಗಳು ಅಲೆದವನು ನಾನು. ಯಾವಾಗ ಎಂದು ಕೇಳುವುದನ್ನು ಬಿಡಿ, ಯಾವ ಕಾಗದ ಬಾಕಿ ಇದೆ ಎಂದು ಕೇಳಿ. ನನಗೆ ಇದು ಹೊಳೆಯಲು ಮೂರು ತಿಂಗಳು ಬೇಕಾಯಿತು.

2025ರ ಫೆಬ್ರವರಿಯಲ್ಲಿ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು ಅದರ ಮೇಲೆ ಮುಂಗಡದ ಚೆಕ್ ಇಟ್ಟು ಕೊಟ್ಟೆವು. 45 ಲಕ್ಷಕ್ಕೆ ಮಾತು, ಮೂರು ತಿಂಗಳ ಕರಾರು. ಮಾರುವವರು ಕಾಫಿ ತೋಟದ ಕುಟುಂಬದವರು, ಕೊಟ್ಟ ಮಾತಿಗೆ ತಪ್ಪುವವರಲ್ಲ. ಆದರೆ ಮನೆಯ ಖಾತೆ, ಅಂದರೆ ಸ್ಥಳೀಯ ಸಂಸ್ಥೆಯಲ್ಲಿರುವ ಆಸ್ತಿ ದಾಖಲೆ, ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಈಗ ಅದರ ಗಣಕೀಕೃತ ರೂಪವಾದ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ವಾರಸುದಾರರು ಯಾರೆಂದು ತೀರ್ಮಾನವಾಗದೆ ಇ-ಖಾತೆ ಆಗುವುದಿಲ್ಲ. ವಂಶವೃಕ್ಷ ಕೈಗೆ ಬಂದಾಗ ತಾಯಿ, ಅಣ್ಣ, ತಮ್ಮನ ಹೆಸರಿನ ಕೆಳಗೆ ಶಿವಮೊಗ್ಗದಲ್ಲಿರುವ ತಂಗಿಯ ಹೆಸರೂ ಇತ್ತು. ಅಲ್ಲಿಯವರೆಗೆ ಅವರೊಬ್ಬರು ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ!

‘ಅವಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ’ ಎಂದು ಅಣ್ಣ ಹೇಳಿದರು. ಕಾನೂನು ಆ ಲೆಕ್ಕ ಕೇಳುವುದಿಲ್ಲ. ಹೆಣ್ಣುಮಕ್ಕಳ ಪಾಲು ಬಂದದ್ದು 2005ರ ತಿದ್ದುಪಡಿಯಿಂದ ಎಂದು ಬಹಳ ಜನ ನಂಬಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆಯಾಗಿ, ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೆ ಮಗನಷ್ಟೇ ಪಾಲಿದೆ. ಆ ತಂಗಿ ದುಡ್ಡು ಕೇಳಲಿಲ್ಲ. ‘ಫೋನಿನಲ್ಲಿ ಹೇಳುವುದಲ್ಲ, ಅಣ್ಣ ಮನೆಗೆ ಬಂದು ಕರೆಯಲಿ’ ಎಂದರು, ಅಷ್ಟೇ. ಅಣ್ಣ ಶಿವಮೊಗ್ಗದ ಬಸ್ಸು ಹತ್ತಲು ಏಳು ವಾರ ಹಿಡಿಯಿತು.

ಇಷ್ಟರಲ್ಲಿ ನನ್ನ ಸಾಲ ಮಂಜೂರಾತಿಯ ಅವಧಿ ಮುಗಿದು, ಬ್ಯಾಂಕಿನ ಕೆಲಸವೆಲ್ಲ ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಬ್ಯಾಂಕಿನ ವಕೀಲರು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಹಿಡಿದು ಕುಳಿತರು. ಹಳೆಯ ಕ್ರಯಪತ್ರದಲ್ಲಿ ‘ಪೂರ್ವಕ್ಕೆ ಹುಣಸೆಮರ’ ಎಂದಿದೆ, ಮರ ಎಲ್ಲಿ? ಮರ ಹೋಗಿ ಯಾವ ಕಾಲವಾಯಿತೋ, ಆ ಜಾಗದಲ್ಲಿ ಪಕ್ಕದವರ ಕಾಂಪೌಂಡು ನಿಂತಿದೆ. ಕೊನೆಗೆ ಪಕ್ಕದ ಮನೆಯ ಹಿರಿಯರು ತಮ್ಮ ಕ್ರಯಪತ್ರದ ನಕಲು ಕೊಟ್ಟು ಕಾಪಾಡಿದರು. ಕಾಫಿ ಕೊಟ್ಟು, ಆ ಮರದ ಹುಣಸೆಹಣ್ಣು ಎಷ್ಟು ಹುಳಿಯಾಗಿತ್ತು ಎಂದೂ ವಿವರಿಸಿದರು.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಆಷಾಢ ಬಂತು. ಮಾರುವ ತಾಯಿಯೂ ಒಪ್ಪಲಿಲ್ಲ, ನನ್ನ ಅತ್ತೆಯೂ ಒಪ್ಪಲಿಲ್ಲ. ಶ್ರಾವಣದ ಮೊದಲ ವಾರ, ಆಗಸ್ಟಿಗೆ ಮುಂಚೆಯೇ, ನೋಂದಣಿ ಮುಗಿಯಿತು. ಅದೇ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಅಣ್ಣ ಇನ್ನೊಂದು ಐದು ವಾರ ಬಿಗುಮಾನ ಮಾಡಿದ್ದರೆ ನನಗೆ 45 ಸಾವಿರ ಕೈಬಿಡುತ್ತಿತ್ತು.

ಈಗ ನಿಮ್ಮ ವಿಷಯ. ಮಾರುವವರು ಬಾಕಿ ಇರುವ ಕಾಗದದ ಹೆಸರು ಹೇಳಿ, ಅರ್ಜಿಯ ಸ್ವೀಕೃತಿಯನ್ನೂ ತೋರಿಸಿದರೆ ಕಾಯಬಹುದು. ಅವರದೇ ಗೃಹಸಾಲ ತೀರಿಸಿ ಬ್ಯಾಂಕಿನಿಂದ ಮೂಲಪತ್ರ ಬರಬೇಕಿದೆ ಎಂದರೆ, ಸಾಲ ತೀರಿದ ದಿನಾಂಕ ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ದಿನಗಳೊಳಗೆ ಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಕರಾರಿನ ಗಡುವು ಮುಗಿದಿದ್ದರೆ ‘ಪರವಾಗಿಲ್ಲ ಬಿಡಿ’ ಎಂದು ಸುಮ್ಮನಾಗಬೇಡಿ, ಹೊಸ ದಿನಾಂಕವನ್ನು ಬರೆಸಿ ಎಲ್ಲ ವಾರಸುದಾರರ ಸಹಿ ಹಾಕಿಸಿಕೊಳ್ಳಿ. ಒಪ್ಪಂದ ಜಾರಿಗೆ ನ್ಯಾಯಾಲಯದ ಮೊರೆ ಹೋಗಲು ಗೊತ್ತುಮಾಡಿದ ದಿನದಿಂದ ಮೂರು ವರ್ಷ ಮಾತ್ರ ಅವಕಾಶ. ಕಾಗದದ ಸುದ್ದಿ ಎತ್ತಿದಾಗಲೆಲ್ಲ ಮಾತು ಮಳೆಗೋ ತೋಟಕ್ಕೋ ಹೊರಳಿದರೆ ವಕೀಲರಿಂದ ನೋಟಿಸು ಕೊಡಿಸಿ, ಸಂಕೋಚ ಬೇಡ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರವನ್ನು ಇನ್ನೊಮ್ಮೆ ತೆಗೆಸಿ ನೋಡಿ. ಮುಂಗಡ ಕೊಟ್ಟ ಮೇಲೆ ಅದೇ ಮನೆಗೆ ಬೇರೆ ನೋಂದಣಿ ಏನಾದರೂ ಆಗಿದೆಯೇ ಎಂದು ಗೊತ್ತಾಗುತ್ತದೆ. ನಿಮ್ಮ ಕರಾರು ನೋಂದಣಿಯಾಗಿದ್ದರೆ ಅದೂ ಅದರಲ್ಲಿ ಕಾಣುತ್ತದೆ. ಬರೀ ಛಾಪಾ ಕಾಗದದ ಮೇಲೆ ಬರೆಸಿಕೊಂಡಿದ್ದರೆ ಕಾಣುವುದಿಲ್ಲ, ಇನ್ನೊಬ್ಬ ಗಿರಾಕಿಯ ಕಣ್ಣಿಗೂ ಬೀಳುವುದಿಲ್ಲ. ನಿಮ್ಮದು ಯಾವ ಬಗೆಯದು ಎಂದು ನೀವು ಬರೆದಿಲ್ಲ, ಮೊದಲು ಅದನ್ನು ತಿಳಿಸಿ.