ಕೆಸರು ಅಳೆದು ಗಳ ಕೊಳ್ಳಿರಿ

ಪ್ರಶ್ನೆ: ನಾನು ಮುಂಡರಗಿ ತಾಲ್ಲೂಕಿನವನು. ನಮ್ಮೂರ ಕೆರೆಯಲ್ಲಿಯೂ ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನ ಅಂಚಿನಲ್ಲಿಯೂ ಮೀನು ಹಿಡಿಯಲು 14 ಅಡಿ ಉದ್ದದ, ಚಪ್ಪಟೆ ತಳದ ಫೈಬರ್ ದೋಣಿಯೊಂದನ್ನು ಕೊಂಡಿದ್ದೇನೆ. ನಾನು ಬಲೆ ಬಿಡುವ ಕಡೆ ನೀರು ನಾಲ್ಕು ಅಡಿಗಿಂತ ಆಳವಿಲ್ಲ. ಹುಟ್ಟು ಹಾಕಿದರೆ ಪಾಚಿಗೆ ಸಿಕ್ಕಿಕೊಳ್ಳುತ್ತದೆ, ಸದ್ದಿಗೆ ಮೀನೂ ಚದುರುತ್ತವೆ. ದೋಣಿ ನೂಕುವ ಗಳ ಬಿದಿರಿನದೇ ಆಗಬೇಕೆಂದು ಕೆಲವರು, ಅಲ್ಯೂಮಿನಿಯಂ ಪೈಪು ಸಾಕೆಂದು ಕೆಲವರು ಹೇಳುತ್ತಾರೆ. ಕಾರ್ಬನ್ ಫೈಬರಿನ ಗಳಗಳೂ ಸಿಗುತ್ತವೆಯಂತೆ. ಯಾವುದನ್ನು ಕೊಳ್ಳಲಿ, ಉದ್ದ ಎಷ್ಟಿರಲಿ?

ಉತ್ತರ: ಗಳ ಯಾವುದರಿಂದ ಮಾಡಿದ್ದು ಎಂಬುದಕ್ಕಿಂತ ಮೊದಲು ಅದು ಊರುವ ನೆಲ ಎಂಥದು ಎಂಬುದನ್ನು ನೋಡಬೇಕು. ತಾವು ಹೇಳಿದ ಎರಡು ಜಾಗಗಳ ತಳ ಒಂದೇ ಬಗೆಯದಲ್ಲ. ಎರೆ ಸೀಮೆಯ ಕೆರೆಗಳಲ್ಲಿ ವರ್ಷವರ್ಷವೂ ಹರಿದುಬಂದ ಹೂಳು ಮೆತ್ತಗೆ ಕೂತಿರುತ್ತದೆ. ತುಂಗಭದ್ರೆಯ ಮೂಲ ಪಾತ್ರದಲ್ಲಿ ಉಸುಕು ಮತ್ತು ಕಲ್ಲು ಇದ್ದರೆ, ಹಿನ್ನೀರು ನಿಂತ ಹೊಲಗಳ ಮೇಲೆ ಮತ್ತೆ ಅದೇ ಎರೆಮಣ್ಣು ಇರುತ್ತದೆ. ಆದ್ದರಿಂದ ಒಂದು ದಿನ ಬಲೆಯನ್ನು ಮನೆಯಲ್ಲಿಯೇ ಬಿಟ್ಟು, ಅಡಿ ಗುರುತು ಹಾಕಿದ ಸಾದಾ ಕೋಲೊಂದನ್ನು ಹಿಡಿದು ಹೋಗಿ, ನೀರು ಎಷ್ಟು, ಅದರ ಕೆಳಗೆ ಕೋಲು ತಾನಾಗಿ ಇಳಿಯುವ ಕೆಸರು ಎಷ್ಟು ಎಂದು ಹತ್ತು ಕಡೆಯಾದರೂ ಅಳೆದು ನೋಡಿರಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಾವೇರಿ ಸಮೀಪದ ಕೆರೆಯೊಂದರಲ್ಲಿ ನಾನು ತುದಿಗೆ ಏನನ್ನೂ ಕಟ್ಟದ ಬಿದಿರನ್ನು ಬಲವಾಗಿ ಊರಿ ನೂಕಿದಾಗ, ದೋಣಿ ಮುಂದೆ ಸರಿಯಿತು, ಗಳ ಮಾತ್ರ ಮೊಳಕಾಲುದ್ದ ಎರೆಯಲ್ಲಿ ಹೂತು ನಿಂತಿತು. ಬಿಡಲು ಮನಸ್ಸಾಗದೆ ಹಿಡಿದೇ ಇದ್ದೆ. ಎರಡು ಕ್ಷಣದಲ್ಲಿ ದೋಣಿಯ ಅಂಚು ಕಾಲಡಿಯಿಂದ ಜಾರಿ, ಎದೆಮಟ್ಟದ ನೀರಿನಲ್ಲಿದ್ದೆ. ಕೆಸರು ಕಾಲನ್ನು ಹಿಡಿದುಕೊಳ್ಳುವಾಗ ಎದೆಮಟ್ಟದ ನೀರೂ ಸಣ್ಣದಲ್ಲ. ಗಳ ಸಿಕ್ಕಿಕೊಂಡರೆ ಕೂಡಲೇ ಕೈಬಿಡಬೇಕು. ಹುಟ್ಟು ಹಾಕಿ ಹಿಂದಕ್ಕೆ ಬಂದು ಕಿತ್ತುಕೊಳ್ಳಬಹುದು. ಅದಕ್ಕಾಗಿಯೇ ದೋಣಿಯಲ್ಲಿ ಒಂದು ಹುಟ್ಟು ಸದಾ ಇರಬೇಕು, ಮೈಮೇಲೆ ಜೀವರಕ್ಷಕ ಜಾಕೆಟ್ ಇರಬೇಕು, ಗಳಕ್ಕೆ ಕಟ್ಟಿದ ಹಗ್ಗವನ್ನು ಎಂದಿಗೂ ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು.

ಕೆಸರಿಗೆ ಬೇಕಾದದ್ದು ಗಳದ ಕೆಳತುದಿಗೆ ಒಂದು ಕವೆ. ಎರಡು ಕವಲುಗಳು ಭಾರವನ್ನು ಹರಡುವುದರಿಂದ ಗಳ ಆಳಕ್ಕೆ ಇಳಿಯುವುದಿಲ್ಲ, ನಡುವೆ ಸಂದು ಇರುವುದರಿಂದ ಕೆಸರು ಹೀರಿ ಹಿಡಿಯುವುದೂ ಇಲ್ಲ. ಮೇಲೆತ್ತುವ ಮುನ್ನ ಗಳವನ್ನು ತುಸು ತಿರುವಿದರೆ ಬಿಟ್ಟುಕೊಳ್ಳುತ್ತದೆ. ಅಗಲವಾದ ಹಲಗೆಯನ್ನೋ ತಟ್ಟೆಯನ್ನೋ ಹಚ್ಚಿಕೊಡುವವರಿದ್ದಾರೆ. ಅದು ಊರಲು ಚೆನ್ನ, ಕೀಳಲು ಕಷ್ಟ. ಕರಿಜಾಲಿಯ ಸಹಜ ಕವೆಯೊಂದನ್ನು ಬಡಿಗೇರರಿಂದ ಹದ ಮಾಡಿಸಿ, ಕವಲು ಆರರಿಂದ ಎಂಟು ಅಂಗುಲ, ನಡುವಿನ ಸಂದು ಮೂರು-ನಾಲ್ಕು ಅಂಗುಲ ಇರುವಂತೆ ಇಟ್ಟುಕೊಳ್ಳಬಹುದು. ಅದನ್ನು ಬಿದಿರಿಗೆ ಕೂಡಿಸುವಲ್ಲಿ ಒನಕೆಗೆ ಹಾಕುವಂತೆ ಕಬ್ಬಿಣದ ಅಣಸು (ಬಳೆ) ಹಾಕಿಸದಿದ್ದರೆ ಬಿದಿರು ಸೀಳುವುದು ಖಂಡಿತ. ಉಸುಕು-ಕಲ್ಲಿನ ತಳದಲ್ಲಿ ಕವೆ ಬೇಕಿಲ್ಲ, ಮೊಂಡು ಮೊನೆಯ ಗಟ್ಟಿ ಕಟ್ಟಿಗೆಯ ತುದಿ ಸಾಕು. ಅಲ್ಲಿ ಕಬ್ಬಿಣದ ಮೊನೆ ಬಂಡೆಯ ಮೇಲೆ ಜಾರುತ್ತದೆ, ಟಣ್ಣೆಂದು ಸದ್ದನ್ನೂ ಮಾಡುತ್ತದೆ.

ಉದ್ದದ ಮಾತು. ನಾಲ್ಕು ಅಡಿ ನೀರು, ಒಂದೂವರೆ ಅಡಿ ಕೆಸರು, ಅದಲ್ಲದೆ ದೋಣಿಯಲ್ಲಿ ನಿಂತು ಕೈಬದಲಾಯಿಸುತ್ತ ನೂಕಲು ಏಳೆಂಟು ಅಡಿ ಬೇಕು. ಗಳ ಓರೆಯಾಗಿ ಊರುವುದರಿಂದ ಇನ್ನೂ ಎರಡು ಅಡಿ ಸೇರಿಸಿರಿ. ತಮ್ಮ ದೋಣಿಗೆ 16 ಅಡಿ ಸರಿಹೋಗುತ್ತದೆ. ನೀರು ಆರೇಳು ಅಡಿ ಮೀರಿದ ಕಡೆ ಗಳವನ್ನು ನೆಚ್ಚದೆ ಹುಟ್ಟು ಹಾಕುವುದೇ ಲೇಸು.

ಇನ್ನು ಸಾಮಗ್ರಿ. ನನ್ನ ಆಯ್ಕೆ ಬಿದಿರು. ಅದರಲ್ಲಿಯೂ ಪೊಳ್ಳು ಕಡಿಮೆಯಿರುವ ಗಟ್ಟಿ ಬಿದಿರು. ಹುಬ್ಬಳ್ಳಿಯ ಮೇದಾರ ಓಣಿಯಂಥ ಕಡೆ ಮೂರು-ನಾಲ್ಕು ವರ್ಷ ಬಲಿತ, ಮಳೆಗಾಲ ಮುಗಿದ ಮೇಲೆ ಕಡಿದ ಬಿದಿರನ್ನೇ ಕೇಳಿರಿ. ಎಳೆಯ ಬಿದಿರಿಗೆ ಪಿಷ್ಟದ ಆಸೆಗೆ ಹುಳು ಬೀಳುತ್ತದೆ, ಗಳದೊಳಗಿಂದ ಹಿಟ್ಟು ಉದುರತೊಡಗಿದರೆ ಅದರ ಆಯುಷ್ಯ ಮುಗಿದಂತೆ. ಕೈಹಿಡಿತದ ಜಾಗ ಒಂದೂವರೆ ಅಂಗುಲ ದಪ್ಪವಿರಲಿ, ಬುಡದ ತುದಿ ಕೆಳಗಿರಲಿ, ಗಿಣ್ಣುಗಳನ್ನು ಕೆತ್ತಿ ಉಜ್ಜಿ ಅಗಸೆ ಎಣ್ಣೆ ಸವರಿದರೆ ಅಂಗೈಗೆ ಸಿಬರು ಚುಚ್ಚುವುದಿಲ್ಲ. ನೀಲಗಿರಿಯ ಗಳ ನೆಟ್ಟಗಿದ್ದರೂ ಭಾರ, ಒಣಗಿದಂತೆ ಬಿರಿಯುತ್ತದೆ. ಅಲ್ಯೂಮಿನಿಯಂ ಪೈಪಿನ ಎರಡೂ ಬಾಯಿ ಮುಚ್ಚದಿದ್ದರೆ ನೀರು ತುಂಬಿ ಮುಳುಗುತ್ತದೆ. ಒಮ್ಮೆ ಮಣಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಕಾರ್ಬನ್ ಫೈಬರ್ ಎಲ್ಲಕ್ಕಿಂತ ಹಗುರ, ದಿನವಿಡೀ ನೂಕುವವರಿಗೆ ಅದರ ಬೆಲೆ ಸಾರ್ಥಕವಾಗಬಹುದು, ಆದರೆ ಕಲ್ಲಿನ ಏಟಿಗೆ ಅದು ಸೀಳಿದರೆ ಊರಲ್ಲಿ ರಿಪೇರಿ ಮಾಡುವವರಿಲ್ಲ.

ಅಲ್ಯೂಮಿನಿಯಂ, ಕಾರ್ಬನ್ ಎರಡರಲ್ಲಿಯೂ ವಿದ್ಯುತ್ ಹರಿಯುತ್ತದೆ. ಹಿನ್ನೀರಿನ ದಂಡೆಯ ಪಂಪ್‌ಸೆಟ್ಟುಗಳಿಗೆ ಎಳೆದ ತಂತಿಗಳು ಕೆಲವೆಡೆ ಜೋತುಬಿದ್ದಿರುತ್ತವೆ. 16 ಅಡಿಯ ಗಳವನ್ನು ನೆಟ್ಟಗೆ ಎತ್ತಿದರೆ ಅದು ಎಲ್ಲಿಗೆ ಮುಟ್ಟೀತು ಎಂಬುದನ್ನು ದೋಣಿ ಹತ್ತುವ ಮುನ್ನವೇ ನೋಡಿಕೊಳ್ಳಬೇಕು. ಒದ್ದೆಯಾದ ಬಿದಿರೂ ಈ ಅಪಾಯದಿಂದ ಹೊರತಲ್ಲ.

ಎರಡೂ ಜಾಗಕ್ಕೆ ಒಂದೇ ಗಳ ಬೇಕೆಂದರೆ, ಕವೆಯನ್ನು ಬೋಲ್ಟು ಹಾಕಿ ಬಿಚ್ಚುವಂತೆ ಕೂಡಿಸಿ, ಒಂದು ಮೊಂಡು ತುದಿಯನ್ನು ಜೊತೆಗೆ ಮಾಡಿಸಿಟ್ಟುಕೊಳ್ಳಿರಿ.