ಓದುಗರ ಪ್ರಶ್ನೆ, ನಮ್ಮ ಉತ್ತರ: ಸೂರಿನ ಸಂದಿಯ ಸೀಲ್ ಚರ್ಮ

ಪ್ರಶ್ನೆ: ಆರನೇ ತರಗತಿಯ ಮಕ್ಕಳಿಂದ ಸ್ಕಾಟ್ಲೆಂಡಿನ ಸೆಲ್ಕಿ ಕಥೆ ಆಡಿಸುತ್ತಿದ್ದೇನೆ: ಕಡಲಿನ ಪ್ರಾಣಿಯೊಂದು ಚರ್ಮ ಕಳಚಿ ಹೆಣ್ಣಾಗುತ್ತದೆ, ಆ ಚರ್ಮ ಬಚ್ಚಿಟ್ಟವನು ಅವಳನ್ನು ಮದುವೆಯಾಗುತ್ತಾನೆ. ನನ್ನ ಬಳಿಯಿರುವ ಕನ್ನಡ ರೂಪದಲ್ಲಿ ನಾಯಕಿ ‘ನೀರುನಾಯಿ’. ಗಂಡ ಬಚ್ಚಿಟ್ಟ ತನ್ನ ಚರ್ಮ ಒಂದು ದಿನ ಕಣ್ಣಿಗೆ ಬಿದ್ದು, ತೊಟ್ಟು ಕಡಲಿಗೆ ಹೋಗಿಬಿಡುತ್ತಾಳೆ. ಮಕ್ಕಳು “ಇಷ್ಟೇನಾ ಟೀಚರ್?” ಅಂತಾರೆ. ಎಲ್ಲಿ ತಪ್ಪಿದೆ?
– ಶಿಕ್ಷಕಿ, ಕುಂದಾಪುರ

ಉತ್ತರ: ಮೊದಲು ಹೆಸರು ಸರಿಮಾಡಿ. ನೀರುನಾಯಿ ನಮ್ಮ ತುಂಗಭದ್ರೆ, ಕಾವೇರಿಯ ನಾಲ್ಕು ಕಾಲಿನ ಪ್ರಾಣಿ. ಸೀಲ್ ಬೇರೆಯೇ, ಕಾಲಿನ ಬದಲು ಈಜುರೆಕ್ಕೆಯಿರುವ ಕಡಲ ಪ್ರಾಣಿ; ನಮ್ಮ ಕರಾವಳಿಯಲ್ಲಿ ಅದಿಲ್ಲ. ‘ಸೀಲ್’ ಎಂದೇ ಬರೆಯಿರಿ. ಸೆಲ್ಕಿ ಎಂದರೂ ಅಲ್ಲಿಯವರ ಮಾತಿನಲ್ಲಿ ಸೀಲೇ.

ಕಥೆ ಸೊರಗಿರುವುದು ಚರ್ಮ ಸಿಗುವ ಜಾಗದಲ್ಲಿ. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೆ ಏನೂ ಉಳಿಯುವುದಿಲ್ಲ. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ 19ನೇ ಶತಮಾನದಲ್ಲಿ ವಾಲ್ಟರ್ ಟ್ರೇಲ್ ಡೆನಿಸನ್ ಬರೆದಿಟ್ಟ ರೂಪ ನೋಡಿ. ಅವಳಿಗೆ ಏಳು ಮಕ್ಕಳು: ನಾಲ್ಕು ಗಂಡು, ಮೂರು ಹೆಣ್ಣು. ಗಂಡನೂ ಮೂವರು ಗಂಡುಮಕ್ಕಳೂ ದೋಣಿಯಲ್ಲಿ ಮೀನಿಗೆ ಹೋಗಿದ್ದಾರೆ, ಇನ್ನು ಮೂವರು ಇಳಿತದ ದಡದಲ್ಲಿ ಚಿಪ್ಪು ಆಯುತ್ತಿದ್ದಾರೆ. ಕಾಲು ನೋವೆಂದು ಕಿರಿಮಗಳೊಬ್ಬಳು ಮನೆಯಲ್ಲಿ. ತಾಯಿ ಹುಡುಕುತ್ತಾಳೆ. ಏನಮ್ಮಾ ಎಂದರೆ, ನಿನ್ನ ಕಾಲಿಗೆ ಮೆತ್ತನೆಯ ಮೆಟ್ಟು ಹೊಲಿಯಲು ಚೆಂದದ ಚರ್ಮ ಬೇಕಿತ್ತು ಎನ್ನುತ್ತಾಳೆ. ನನಗೆ ಗೊತ್ತು, ಎನ್ನುತ್ತದೆ ಮಗು: ನಾನು ನಿದ್ದೆಹೋಗಿದ್ದೇನೆಂದುಕೊಂಡು ಅಪ್ಪ ಅದನ್ನು ತೆಗೆದು ನೋಡಿ, ಮಡಚಿ, ಹಾಸಿಗೆ ಮೇಲಿನ ಸೂರಿನ ಸಂದಿಗೆ ಸಿಕ್ಕಿಸಿದ್ದ. ತನ್ನ ಕಾಲಿಗೆ ಮೆಟ್ಟಾಗುತ್ತದೆಂದು ಹೇಳಿಕೊಟ್ಟ ಮಗು ತಾಯಿಯನ್ನೇ ಕಳೆದುಕೊಳ್ಳುತ್ತದೆ. ಇದನ್ನು ಕೈಬಿಟ್ಟರೆ “ಇಷ್ಟೇನಾ” ಎನ್ನದೆ ಇನ್ನೇನು ಮಾಡಿಯಾರು?

ರಂಗದ ಮೇಲೆ: ಗಂಡ ಚರ್ಮ ಬಚ್ಚಿಡುವುದನ್ನು ಮೊದಲ ದೃಶ್ಯದಲ್ಲೇ ಪ್ರೇಕ್ಷಕರಿಗೆ ತೋರಿಸಿ, ಅವಳಿಗೆ ಮಾತ್ರ ಬೇಡ. ಹುಡುಕುವುದು ಮೂರು ಕಡೆ ಸಾಕು, ಐದಾರಾದರೆ ಸಭೆಯಲ್ಲಿ ಗುಸುಗುಸು ಶುರು. ಚರ್ಮಕ್ಕೆ ಎರಡು ಮೀಟರ್ ಬೂದುಬಣ್ಣದ ತೆಳು ಕಂಬಳಿ ತನ್ನಿ. ಸ್ಯಾಟಿನ್ ಭುಜದಿಂದ ಜಾರುತ್ತದೆ, ದೀಪದ ಕೆಳಗೆ ಮಿಂಚಿ ಅಪ್ಸರೆಯ ಸೆರಗಿನಂತೆ ಕಾಣುತ್ತದೆ. ಹೊಲಿದ ಮುಖವಾಡವಂತೂ ಬೇಡವೇ ಬೇಡ: ಓಡುವ ಹೊತ್ತಿಗೆ ಅದು ತಲೆಯಲ್ಲಿ ಸಿಕ್ಕಿಕೊಂಡು ಅಳಬೇಕಾದವರು ನಗುತ್ತಾರೆ. ಕಂಬಳಿ ಹೊದ್ದು, ಬೆನ್ನು ತಿರುಗಿಸಿ, ಬಗ್ಗಿ ನಡೆದರೆ ಸಾಕು.

ಪ್ರಶ್ನೆ: ಕೊನೆಗೆ ಅವಳಿಗೆ ಮನುಷ್ಯರ ಮೇಲೆ ಮತ್ತೆ ನಂಬಿಕೆ ಹುಟ್ಟಿತು ಎಂದು ಮುಗಿಸಬಹುದೇ?
– ಓದುಗರು, ಶಿರಸಿ

ಉತ್ತರ: ಮುಗಿಸಬಹುದು, ಪುಕ್ಕಟೆಯಾಗಿ ಅಲ್ಲ. ಉತ್ತರ ಅಟ್ಲಾಂಟಿಕ್ ಕಡಲಿನ ಫೆರೋ ದ್ವೀಪಗಳಲ್ಲೊಂದಾದ ಕಾಲ್ಸೊಯ್‌ನಲ್ಲಿ, ಮಿಕ್ಲಾದಾಲೂರ್ ಹಳ್ಳಿಯ ಕಥೆಯಲ್ಲಿ, ಗಂಡ ಸೀಲ್ ಹೆಂಡತಿಯ ಚರ್ಮವಿಟ್ಟ ಪೆಟ್ಟಿಗೆಯ ಕೀಲಿಕೈ ಮನೆಯಲ್ಲೇ ಮರೆತು ಮೀನಿಗೆ ಹೋಗಿ ಅವಳನ್ನು ಕಳೆದುಕೊಳ್ಳುತ್ತಾನೆ. ಆಮೇಲೆ ಸೀಲ್ ಬೇಟೆಯ ಹಿಂದಿನ ರಾತ್ರಿ ಅವಳು ಅವನ ಕನಸಿಗೆ ಬಂದು, ಗುಹೆಯ ಬಾಯಲ್ಲಿರುವ ದೊಡ್ಡ ಗಂಡು ಸೀಲ್ ನನ್ನ ಕಡಲಿನ ಗಂಡ, ಒಳಗಿನ ಎರಡು ಮರಿ ನನ್ನ ಮಕ್ಕಳು, ಉಳಿಸು ಎನ್ನುತ್ತಾಳೆ. ಅವನೂ ಜೊತೆಯ ಬೇಟೆಗಾರರೂ ಮೂವರನ್ನೂ ಕೊಲ್ಲುತ್ತಾರೆ. ಅವಳ ಶಾಪ: ಕೈಕೈ ಹಿಡಿದು ನಿಂತರೆ ಇಡೀ ಕಾಲ್ಸೊಯ್ ಸುತ್ತುವರಿಯುವಷ್ಟು ಗಂಡಸರು ಇಲ್ಲಿ ಸಾಯಲಿ, ಕೆಲವರು ಕಡಲಲ್ಲಿ ಮುಳುಗಿ, ಕೆಲವರು ಬಂಡೆಯಿಂದ ಬಿದ್ದು. 2014ರಲ್ಲಿ ಅಲ್ಲಿ ಅವಳ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ.

ನಿಮ್ಮ ತಿರುವು ಬರಬೇಕಾದ್ದು ಆ ಗುಹೆಯ ಬಾಯಲ್ಲೇ. ಅವನು ಜೊತೆಯವರಿಗೆ ಅಡ್ಡ ನಿಂತು, ಅವತ್ತಿನ ಬೇಟೆ ಕಳೆದುಕೊಂಡು, ಅವರ ಬೈಗುಳ ತಿನ್ನಲಿ. ಬರೀ ‘ಕ್ಷಮಿಸು’ ಎಂದರೆ ಕಥೆ ಅಲ್ಲೇ ಸತ್ತಿತು. ಅವಳನ್ನು ಮಾತ್ರ ಮನೆಗೆ ಕರೆತರಬೇಡಿ. ದಡದ ಹತ್ತಿರ ಬಂದು ಮಕ್ಕಳನ್ನು ನೋಡಿ ಹೋದರೆ ಆಯಿತು.

ಪ್ರಶ್ನೆ: ಚರ್ಮ ಕಳಚುವ ಕಲ್ಪನೆಗೆ ಪ್ರಕೃತಿಯಲ್ಲಿ ಏನಾದರೂ ಇದೆಯೇ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಆರ್ಕ್ನಿಯವರ ಪ್ರಕಾರ ದೊಡ್ಡ ಜಾತಿಯ ಸೀಲ್‌ಗಳಷ್ಟೇ ಮನುಷ್ಯರೂಪ ತಾಳುವ ಸೆಲ್ಕಿಗಳು, ಸಣ್ಣ ಜಾತಿಯವಲ್ಲ. ದೊಡ್ಡದರಲ್ಲಿ ಬೂದು ಸೀಲ್ ಒಂದು. ಶರತ್ಕಾಲದಲ್ಲಿ ಹುಟ್ಟುವ ಅದರ ಮರಿಗೆ ಬಿಳಿ ತುಪ್ಪಳ. ಕೆಲವೇ ವಾರಗಳಲ್ಲಿ ಅದು ಉದುರಿ ಬೂದು ಮೈ ಕಾಣುತ್ತದೆ. ತಾಯಿ ಮೂರು ವಾರದ ಒಳಗೇ ಹಾಲು ಬಿಡಿಸಿ, ಮರಿಯನ್ನು ದಡದಲ್ಲೇ ಬಿಟ್ಟು ಕಡಲಿಗೆ ಹೊರಟುಹೋಗುತ್ತದೆ.