ಸಣ್ಣ ಉಪ್ಪುನೀರಿನ ಅಕ್ವೇರಿಯಂಗೆ ಲೈವ್ ರಾಕ್ ಆರಿಸುವಾಗ ಏನನ್ನು ನೋಡಬೇಕು?

60 ಲೀಟರ್ ತೊಟ್ಟಿಗೆ ಎಷ್ಟು ಕಿಲೋ ಲೈವ್ ರಾಕ್ (ಬ್ಯಾಕ್ಟೀರಿಯಾ ಮತ್ತಿತರ ಜೀವಿಗಳು ನೆಲೆಸಿರುವ ಕಡಲ ಕಲ್ಲು) ಬೇಕು, ನೇರಳೆ ಬಣ್ಣ ತುಂಬಿರುವ ಕಲ್ಲನ್ನೇ ಆರಿಸಬೇಕೇ ಎಂದು ನೀವು ಕೇಳಿದ್ದೀರಿ. ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ನನ್ನ ಮೊದಲ ತೊಟ್ಟಿ 40 ಲೀಟರಿನದು. ಬಣ್ಣಕ್ಕೆ ಮರುಳಾಗಿ ಕೊಂಡ ಕಲ್ಲನ್ನು ತಂದ ದಿನವೇ ನೀರಿಗಿಳಿಸಿ, ಜೊತೆಗೆ ಎರಡು ಕ್ಲೌನ್ ಮೀನುಗಳನ್ನೂ ಬಿಟ್ಟೆ. ನಾಲ್ಕನೆಯ ದಿನ ನೀರು ನಾರತೊಡಗಿತು, ಅಮೋನಿಯಾ ಪರೀಕ್ಷೆಯ ದ್ರವ ಕಡು ಹಸಿರಾಯಿತು (ಆ ವಿಷ ವಿಪರೀತವಾಗಿದೆ ಎಂಬ ಸೂಚನೆ), ಮೀನುಗಳು ಉಳಿಯಲಿಲ್ಲ. ಕಲ್ಲನ್ನು ಎತ್ತಿ ನೋಡಿದಾಗ ಅಡಿಯ ಪೊಟರೆಯಲ್ಲಿ ನಿಂಬೆಹಣ್ಣಿನ ಗಾತ್ರದ ಸ್ಪಂಜು ಜೀವಿಯೊಂದು ಕೊಳೆತು ಹೋಗಿತ್ತು. ಮೇಲಿನ ನೇರಳೆ ಬಣ್ಣಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಆ ಬಣ್ಣ ಕೊರಲೈನ್ ಪಾಚಿಯದು; ಕಲ್ಲಿನ ಮೈಮೇಲಿನ ತೆಳು ಪದರವಷ್ಟೇ. ನೀರಿನಲ್ಲಿ ಕ್ಯಾಲ್ಸಿಯಂ 400 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ 400 ಭಾಗ) ಮೇಲಿದ್ದು ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಏರಿಳಿಯದಿದ್ದರೆ, ಬೆರಳುಗುರಿನಷ್ಟು ಚೂರಿನಿಂದಲೂ ಅದು ಕೆಲವು ತಿಂಗಳಲ್ಲಿ ತಾನಾಗಿ ಹಬ್ಬುತ್ತದೆ. ಹಾಗಾಗಿ ಬಣ್ಣಕ್ಕೆ ಹೆಚ್ಚು ಹಣ ಕೊಡಬೇಡಿ.

ನೋಡಬೇಕಾದದ್ದು ಕಲ್ಲಿನ ಒಳರಚನೆಯನ್ನು. ಲೈವ್ ರಾಕ್ ಎಂಬುದು ಬಹುಮಟ್ಟಿಗೆ ಸತ್ತ ಹವಳಗಳ ಸುಣ್ಣದ ಅಸ್ಥಿಪಂಜರ. ಅದರ ಮೇಲ್ಪದರದಲ್ಲಿ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸಿದರೆ, ಆಮ್ಲಜನಕ ತಲುಪದ ಆಳದ ರಂಧ್ರಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟಿನ ಒಂದಂಶವನ್ನು ಸಾರಜನಕ ಅನಿಲವಾಗಿಸಿ ನೀರಿನಿಂದ ಹೊರಹಾಕುತ್ತವೆ. ರಂಧ್ರ ಕಡಿಮೆಯಿದ್ದಷ್ಟೂ ಈ ಕೆಲಸ ಕಡಿಮೆ. ಒಂದೇ ಗಾತ್ರದ ಎರಡು ಕಲ್ಲುಗಳನ್ನು ಎರಡು ಕೈಯಲ್ಲಿ ಹಿಡಿದು ಹಗುರವಾದುದನ್ನು ಇಟ್ಟುಕೊಳ್ಳಿ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ. ಲೀಟರಿಗೆ 120ರಿಂದ 180 ಗ್ರಾಂ ಎಂಬ ಹಳೆಯ ಲೆಕ್ಕದಂತೆ ನಿಮಗೆ 7ರಿಂದ 11 ಕಿಲೋ ಬೇಕಾಗುತ್ತದೆ, ಆದರೆ ಕಲ್ಲು ಹಗುರವಾಗಿದ್ದರೆ 5–6 ಕಿಲೋ ಸಾಕು, ಮೀನು ಈಜಲು ಜಾಗವೂ ಉಳಿಯುತ್ತದೆ.

ಅನಂತರ ಮೂಸಿ ನೋಡಿ. ಕಡಲಿನ ವಾಸನೆಯಿದ್ದರೆ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಸಾವು ನಡೆದಿದೆಯೆಂದೇ ಅರ್ಥ. ದೊಡ್ಡ ತೊಟ್ಟಿಯಲ್ಲಿ ಕರಗಿ ಹೋಗಬಹುದಾದ ಕೊಳೆ ಸಣ್ಣ ತೊಟ್ಟಿಯಲ್ಲಿ ವಿಷವಾಗುತ್ತದೆ. ಆದ್ದರಿಂದ ‘ಕ್ಯೂರ್ ಆಗಿದೆ’ (ಕೊಳೆಯುವುದೆಲ್ಲ ಕೊಳೆತು ಶುದ್ಧವಾಗಿದೆ) ಎಂಬ ಮಾರಾಟಗಾರರ ಮಾತನ್ನು ಪೂರ್ತಿ ನಂಬದೆ, ಬೇರೊಂದು ಬಕೆಟ್ಟಿನಲ್ಲಿ 1.025 ಸಾಪೇಕ್ಷ ಸಾಂದ್ರತೆಯ (ಸಿಹಿನೀರಿನ 1.025 ಪಟ್ಟು ಭಾರದ) ಉಪ್ಪುನೀರು, ಹೀಟರ್ ಮತ್ತು ಪವರ್‌ಹೆಡ್ (ನೀರನ್ನು ಹರಿದಾಡಿಸುವ ಪುಟ್ಟ ಪಂಪು) ಇಟ್ಟು, ಬೆಳಕಿಲ್ಲದ ಕಡೆ ಕಲ್ಲನ್ನು ಕೆಲವು ವಾರ ಇರಿಸಿ, ಕೊಳೆತದ್ದನ್ನು ಬ್ರಷ್‌ನಿಂದ ಉಜ್ಜಿ ತೆಗೆದು, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗಿಳಿದು ಅಲ್ಲಿಯೇ ನಿಂತ ಮೇಲೆ ತೊಟ್ಟಿಗೆ ಹಾಕಿ.

ಇದೇ ಅವಧಿಯಲ್ಲಿ ಬೇಡದ ಅತಿಥಿಗಳೂ ಹೊರಬೀಳುತ್ತಾರೆ. ಕಂದು ಬಣ್ಣದ, ಪಾರದರ್ಶಕ ಎಳೆಗಳಿರುವ ಐಪ್ಟೇಶಿಯಾ ಅನಿಮೋನ್ (ಕಲ್ಲಿಗಂಟಿ ಬೆಳೆಯುವ ಹೂವಿನಂಥ ಕಡಲ ಜೀವಿ) ಕಂಡರೆ ಕತ್ತರಿಸಲು ಹೋಗಬೇಡಿ; ಉಳಿದ ಚೂರೊಂದೊಂದೂ ಹೊಸ ಅನಿಮೋನ್ ಆಗಬಲ್ಲದು. ಅದಿರುವ ಕಲ್ಲನ್ನೇ ಬಿಟ್ಟುಬಿಡುವುದು ಲೇಸು. ರಾತ್ರಿ ‘ಟಕ್’ ಎಂಬ ಸದ್ದು ಕೇಳಿದರೆ ಮ್ಯಾಂಟಿಸ್ ಸೀಗಡಿಯೋ ನಿರುಪದ್ರವಿ ಪಿಸ್ತೂಲು ಸೀಗಡಿಯೋ ಇರಬಹುದು. ಮೊದಲನೆಯದು ಸಣ್ಣ ಮೀನುಗಳನ್ನು ಉಳಿಸುವುದಿಲ್ಲ. ಬ್ರಿಸಲ್ ಹುಳುಗಳನ್ನು ಕಂಡು ಹೆದರಬೇಕಿಲ್ಲ, ಅವುಗಳಲ್ಲಿ ಬಹುತೇಕವು ಎಂಜಲು ತಿಂದು ಬದುಕುವಂಥವು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಅವುಗಳ ಮುಳ್ಳು ಚರ್ಮದಲ್ಲಿ ಮುರಿದುಕೊಳ್ಳುತ್ತದೆ.

ಇಷ್ಟೆಲ್ಲ ಏಕೆ, ಒಣ ಕಲ್ಲು ಆಗದೇ ಎಂದರೆ, ಖಂಡಿತ ಆಗುತ್ತದೆ. ಅದರಲ್ಲಿ ಜೀವವೂ ಇಲ್ಲ, ಉಪದ್ರವವೂ ಇಲ್ಲ, ಬಂಡೆಯನ್ನು ಕಡಲಿನಿಂದ ಕೀಳಿಸಿದ ಅಳುಕೂ ಇಲ್ಲ. ತೊಂದರೆಯೆಂದರೆ ಬ್ಯಾಕ್ಟೀರಿಯಾ ನೆಲೆಗೊಳ್ಳಲು ತಡವಾಗುತ್ತದೆ, ಕೆಲವು ಕಲ್ಲುಗಳು ಫಾಸ್ಫೇಟ್ ಬಿಟ್ಟು ಪಾಚಿಗೆ ದಾರಿ ಮಾಡುತ್ತವೆ. ನಿಮ್ಮ ಜಾಗದಲ್ಲಿ ನಾನಿದ್ದರೆ 4–5 ಕಿಲೋ ಒಣ ಕಲ್ಲಿಗೆ, ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿಂದ ತಂದ ಅಂಗೈಯಗಲದ ಒಂದೇ ಜೀವಂತ ಕಲ್ಲನ್ನು ಸೇರಿಸಿ, ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಅಮೋನಿಯಾವನ್ನು 2 ಪಿಪಿಎಂಗೆ ಏರಿಸಿ, ಅದೂ ನೈಟ್ರೈಟೂ ಒಂದು ದಿನದೊಳಗೆ ಸೊನ್ನೆಗಿಳಿಯುವವರೆಗೆ ಮೀನಿನ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಜೋಡಿಸುವಾಗ ಕಲ್ಲನ್ನು ಮರಳಿನ ಮೇಲಲ್ಲ, ತೊಟ್ಟಿಯ ತಳದ ಮೇಲೆ ಕೂರಿಸಿ ಆಮೇಲೆ ಮರಳು ಸುರಿಯಿರಿ. ಇಲ್ಲದಿದ್ದರೆ ಮರಳು ತೋಡುವ ಗೋಬಿ ಮೀನೊಂದು ಇಡೀ ರಾಶಿಯನ್ನು ಗಾಜಿನ ಮೇಲೆ ಉರುಳಿಸೀತು.